ಭೇದಿ ನಿಲ್ಲಿಸುವ ಅವಸರ

ಮನೆಯಲ್ಲಿ ಕೂಸಿಗೆ ಭೇದಿ ಹತ್ತಿದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಸಲ ಆಯಿತು? ಅಜ್ಜಿ ಕೇಳುತ್ತಾರೆ, ಕೆಲಸದ ನಡುವೆ ಫೋನ್ ಮಾಡಿದ ತಂದೆ ಕೇಳುತ್ತಾನೆ, ಪಕ್ಕದ ಮನೆಯವರೂ ಕೇಳುತ್ತಾರೆ. ಬೆಳಗಿನಿಂದ ಏಳು ಸಲ ಎಂದರೆ ಎಲ್ಲರ ಮುಖ ಬಾಡುತ್ತದೆ. ಮಧ್ಯಾಹ್ನದ ಮೇಲೆ ಆಗಿಲ್ಲ ಎಂದರೆ ನೆಮ್ಮದಿ. ಈ ಎಣಿಕೆಯ ಹಿಂದೆ ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆ ಇದೆ. ಭೇದಿಯೇ ಕಾಯಿಲೆ, ಅದು ನಿಂತರೆ ಮಗು ಗುಣವಾದಂತೆ, ಅದನ್ನು ಬೇಗ ನಿಲ್ಲಿಸುವುದೇ ಒಳ್ಳೆಯ ಔಷಧ ಎಂಬುದು ಆ ನಂಬಿಕೆ. ಕೇಳಲು ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಸಣ್ಣ ಮಕ್ಕಳ ಭೇದಿಯಲ್ಲಿ ಮನೆಯವರ ಕೈಯಿಂದ ಆಗುವ ಅನಾಹುತಗಳಲ್ಲಿ ಬಹುಪಾಲು ಈ ಒಂದು ಗೊಂದಲದಿಂದಲೇ ಹುಟ್ಟುತ್ತವೆ ಎಂಬುದು ನನ್ನ ವಾದ. ಹಾಲು ಬಿಡಿಸುವುದು, ನೀರು ಕಡಿಮೆ ಮಾಡುವುದು, ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಅರ್ಧ ಮುರಿದು ಕೊಡುವುದು, ಓಆರ್‌ಎಸ್ ಒಂದು ಲೋಟ ಕುಡಿಸಿ ‘ಇದು ಕೆಲಸ ಮಾಡಲಿಲ್ಲ’ ಎಂದು ಬಿಟ್ಟುಬಿಡುವುದು, ಇವೆಲ್ಲ ಹೊರನೋಟಕ್ಕೆ ಬೇರೆ ಬೇರೆ ತಪ್ಪುಗಳು. ಬೇರು ಮಾತ್ರ ಒಂದೇ.

ಮೊದಲು ಆ ನಂಬಿಕೆಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಅದು ದಡ್ಡರ ನಂಬಿಕೆಯಲ್ಲ. ಮಗುವಿಗೆ ಹಾಲು ಕುಡಿಸಿದ ಹತ್ತು ನಿಮಿಷಕ್ಕೆ ಭೇದಿಯಾಗುವುದನ್ನು ತಾಯಿ ಕಣ್ಣಾರೆ ನೋಡುತ್ತಾಳೆ. ಒಳಗೆ ಹೋದದ್ದು ಹಾಗೆಯೇ ಹೊರಗೆ ಬಂತು, ಇನ್ನು ಕೊಟ್ಟು ಏನು ಫಲ ಎಂದು ಅವಳಿಗೆ ಅನ್ನಿಸುವುದು ಸಹಜ. ಕೆಟ್ಟ ಹೊಟ್ಟೆಗೆ ವಿಶ್ರಾಂತಿ ಬೇಕು ಎಂಬುದೂ ತರ್ಕಕ್ಕೆ ಒಪ್ಪುವಂತೆಯೇ ಇದೆ. ಉಳುಕಿದ ಕಾಲನ್ನು ಯಾರೂ ಓಡಿಸುವುದಿಲ್ಲವಲ್ಲ. ಲಂಘನವೇ ದೊಡ್ಡ ಔಷಧ ಎಂಬ ಮಾತು ನಮ್ಮಲ್ಲಿ ತಲೆಮಾರುಗಳಿಂದ ಇದೆ, ಅಜೀರ್ಣವಾದ ದೊಡ್ಡವರಿಗೆ ಅದರಿಂದ ಒಳ್ಳೆಯದಾದದ್ದೂ ಇದೆ. ಇದು ಬರೀ ಹಳ್ಳಿಯ ಅಜ್ಜಿಯರ ಮಾತೂ ಅಲ್ಲ. ಇಪ್ಪತ್ತನೆಯ ಶತಮಾನದ ಬಹುಕಾಲ ದೊಡ್ಡ ಆಸ್ಪತ್ರೆಗಳೇ ಭೇದಿಯ ಮಕ್ಕಳಿಗೆ ಒಂದು ದಿನ, ಎರಡು ದಿನ ಏನೂ ಕೊಡದೆ ಹೊಟ್ಟೆ ಖಾಲಿ ಇರಿಸುತ್ತಿದ್ದವು, ಆಮೇಲೆ ನೀರು ಬೆರೆಸಿದ ಹಾಲಿನಿಂದ ನಿಧಾನವಾಗಿ ಆರಂಭಿಸುತ್ತಿದ್ದವು. ಸಾಣೆಕಲ್ಲಿನ ಮೇಲೆ ಜಾಯಿಕಾಯಿ ತೇಯ್ದು ನಾಲಿಗೆಗೆ ನೆಕ್ಕಿಸುವ ಅಜ್ಜಿಯೂ, ಹಾಲು ನಿಲ್ಲಿಸಿ ಎಂದು ಚೀಟಿ ಬರೆದ ಆ ಕಾಲದ ವೈದ್ಯರೂ ನಂಬಿದ್ದು ಒಂದನ್ನೇ: ಹೊರಗೆ ಹೋಗುವುದನ್ನು ತಡೆಯಬೇಕು.

ಆದರೆ ಭೇದಿಯಾದ ಮಗು ಸಾಯುವುದು ಯಾತರಿಂದ ಎಂದು ಕೇಳಿಕೊಂಡರೆ ಈ ತರ್ಕ ಅಲುಗಾಡಲು ಶುರುವಾಗುತ್ತದೆ. ಎಷ್ಟು ಸಲ ಹೋಯಿತು ಎಂಬ ಸಂಖ್ಯೆ ಯಾರನ್ನೂ ಕೊಲ್ಲುವುದಿಲ್ಲ. ಕೊಲ್ಲುವುದು ಮೈಯಿಂದ ಹೋದ ನೀರು ಮತ್ತು ಉಪ್ಪು, ಅವು ಮರಳಿ ಒಳಗೆ ಬಾರದೆ ಇರುವುದು. ಒಂದು ಲೆಕ್ಕ ಮಾಡಿ ನೋಡಿ. ಹತ್ತು ಕೆಜಿಯ ಮಗು ಮೈಯಿಂದ ಒಂದು ಲೀಟರ್ ನೀರು ಕಳೆದುಕೊಂಡರೆ ಅದು ಅದರ ತೂಕದ ಹತ್ತರಲ್ಲೊಂದು ಭಾಗ. ವೈದ್ಯರು ಅದನ್ನು ತೀವ್ರ ನಿರ್ಜಲೀಕರಣ ಎಂದು ಕರೆದು ತುರ್ತು ಚಿಕಿತ್ಸೆಗೆ ಇಳಿಯುತ್ತಾರೆ. ಅರವತ್ತು ಕೆಜಿಯ ದೊಡ್ಡವರು ಆ ಸ್ಥಿತಿಗೆ ಬರಬೇಕಾದರೆ ಆರು ಲೀಟರ್ ಹೋಗಬೇಕು. ನಮಗೆ ಭೇದಿಯಾದಾಗ ಒಂದು ದಿನ ಉಪವಾಸ ಬಿದ್ದು ಎದ್ದ ಅನುಭವವನ್ನು ಮಗುವಿಗೆ ಹೊಂದಿಸುವುದು ಇಲ್ಲಿಯೇ ತಪ್ಪುತ್ತದೆ. ಲಂಘನದ ಮಾತು ಹುಟ್ಟಿದ್ದು ದೊಡ್ಡ ಮೈಗೆ, ದೊಡ್ಡ ಕೊಬ್ಬಿಗೆ. ಎಂಟು ತಿಂಗಳ ಕೂಸಿನ ಮೈಯಲ್ಲಿ ಅಂಥ ದಾಸ್ತಾನು ಇಲ್ಲ. ಇನ್ನೂ ಒಂದು ವಿಷಯ: ಎರಡು ಸಲ ಧಾರಾಕಾರವಾಗಿ ನೀರುನೀರಾಗಿ ಹೋದ ಮಗು, ಹತ್ತು ಸಲ ಚೂರುಚೂರು ಹೋದ ಮಗುವಿಗಿಂತ ಹೆಚ್ಚು ಅಪಾಯದಲ್ಲಿರಬಹುದು. ಸಲಗಳ ಲೆಕ್ಕ ಇದನ್ನು ಹೇಳುವುದಿಲ್ಲ, ಬದಲಾಗಿ ಮರೆಮಾಡುತ್ತದೆ.

ನಿಲ್ಲಿಸುವ ಔಷಧಗಳ ವಿಚಾರಕ್ಕೆ ಬರೋಣ. ಲೋಪೆರಮೈಡ್‌ನಂಥ ಮಾತ್ರೆ ಮಾಡುವುದು ಕರುಳಿನ ಚಲನೆಯನ್ನು ಮಂದಗೊಳಿಸುವ ಕೆಲಸ. ಸೋಂಕು ತಗುಲಿದ ಕರುಳು ನೀರನ್ನು ಒಳಗಿನ ಕೊಳವೆಗೆ ಸುರಿಯುತ್ತಲೇ ಇರುತ್ತದೆ; ಮಾತ್ರೆ ಅದು ಹೊರಬರುವುದನ್ನಷ್ಟೇ ತಡವಾಗಿಸುತ್ತದೆ. ನೀರು ರಕ್ತದಿಂದ ಹೋಗಿಯೇ ಹೋಗಿದೆ, ಮಗುವಿನ ಪಾಲಿಗೆ ನಷ್ಟ ಆಗಿಯೇ ಆಗಿದೆ. ಅದು ಬಟ್ಟೆಯಲ್ಲಿ ಕಾಣುವ ಬದಲು ಉಬ್ಬಿದ ಹೊಟ್ಟೆಯಲ್ಲಿ ಅಡಗಿ ಕೂತಿದೆ ಅಷ್ಟೇ. ಅಂದರೆ ಮನೆಯವರ ಎಣಿಕೆ ಸೊನ್ನೆಗೆ ಇಳಿಯುವ ಹೊತ್ತಿಗೆ ಮಗುವಿನ ಸ್ಥಿತಿ ಕೆಡುತ್ತಿರಬಹುದು. ಇದು ಬರೀ ಊಹೆಯಲ್ಲ. 1990ರ ಸುಮಾರಿಗೆ ಪಾಕಿಸ್ತಾನದಲ್ಲಿ ಇದೇ ಔಷಧದ ಹನಿ ಕುಡಿಸಿದ ಎಳೆಗೂಸುಗಳು ಕರುಳಿನ ಚಲನೆಯೇ ನಿಂತು ತೀರಿಕೊಂಡ ಪ್ರಕರಣಗಳು ಹೊರಬಂದ ಮೇಲೆ ಮಕ್ಕಳ ಹನಿಯನ್ನು ತಯಾರಕರೇ ಹಿಂದಕ್ಕೆ ಪಡೆಯಬೇಕಾಯಿತು. ಮಾತ್ರೆಯ ರೂಪ ಮಾತ್ರ ದೊಡ್ಡವರಿಗೆಂದು ಇಂದಿಗೂ ಅಂಗಡಿಯಲ್ಲಿದೆ, ಅದನ್ನೇ ಮುರಿದು ಕೂಸಿಗೆ ಕೊಡುವವರೂ ಇದ್ದಾರೆ. ಜಾಯಿಕಾಯಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಒಂದೆರಡು ಸುತ್ತು ತೇಯ್ದ ಗಂಧದಿಂದ ಕೇಡಾಗದಿರಬಹುದು. ಹೆಚ್ಚಾದರೆ ಮಂಪರು ಹಿಡಿಯುತ್ತದೆ ಎಂಬುದು ಅದನ್ನು ಬಳಸುವವರಿಗೇ ಗೊತ್ತು. ಭೇದಿಯಾದ ಮಗುವಿನಲ್ಲಿ ನಾವು ಎಲ್ಲಕ್ಕಿಂತ ಮೊದಲು ಗಮನಿಸಬೇಕಾದ ಅಪಾಯದ ಗುರುತು ಯಾವುದೋ, ಅದೇ ಮಂಪರನ್ನು ಔಷಧದ ಹೆಸರಿನಲ್ಲಿ ತಂದುಕೊಂಡರೆ, ಮಗು ಮಲಗಿದ್ದು ಆರಾಮದಿಂದಲೋ ನೀರು ಬತ್ತಿ ಸೋತೋ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಆ್ಯಂಟಿಬಯೋಟಿಕ್‌ಗಳದ್ದು ಇನ್ನೊಂದು ಕಥೆ. ಸಣ್ಣ ಮಕ್ಕಳ ನೀರುಭೇದಿಯಲ್ಲಿ ಹೆಚ್ಚಿನದು ವೈರಸ್‌ಗಳಿಂದ ಬರುವಂಥದು, ಅವುಗಳ ಮೇಲೆ ಈ ಔಷಧ ನಡೆಯುವುದಿಲ್ಲ; ಭೇದಿಯಲ್ಲಿ ರಕ್ತ ಕಂಡಾಗ, ಕಾಲರಾದ ಅನುಮಾನವಿದ್ದಾಗ ವೈದ್ಯರು ಅದನ್ನು ಬರೆಯುತ್ತಾರೆ. ಉಳಿದಂತೆ ಅದು ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಕೆಡಿಸಿ ತಾನೇ ಭೇದಿ ತರಬಲ್ಲದು.

ಹೊಟ್ಟೆಗೆ ವಿಶ್ರಾಂತಿ ಎಂಬ ಮಾತನ್ನು ಇನ್ನಷ್ಟು ಬಿಡಿಸಿ ನೋಡಬೇಕು, ಏಕೆಂದರೆ ಹೆಚ್ಚಿನ ಹಾನಿ ಸದ್ದಿಲ್ಲದೆ ಆಗುವುದು ಅಲ್ಲಿಯೇ. ಕರುಳಿನ ಒಳಪದರದ ಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತವೆ. ಸೋಂಕು ಆ ಪದರವನ್ನು ಕಿತ್ತಿರುತ್ತದೆ, ಹೊಸ ಪದರ ಬೆಳೆದಾಗಲೇ ಭೇದಿ ನಿಲ್ಲುವುದು. ಆ ಹೊಸ ಕೋಶಗಳಿಗೆ ಪೋಷಣೆ ಬರುವುದು ರಕ್ತದಿಂದ ಮಾತ್ರವಲ್ಲ. ಕರುಳಿನೊಳಗೆ ಹಾದುಹೋಗುವ ಆಹಾರದಿಂದಲೂ ಅವು ನೇರವಾಗಿ ಹೀರಿಕೊಳ್ಳುತ್ತವೆ. ಹಾಗಾಗಿ ಉಪವಾಸ ಹಾಕಿದರೆ ರಿಪೇರಿ ಮಾಡಬೇಕಾದ ಕೋಶಗಳಿಗೇ ಅನ್ನವಿಲ್ಲದಂತಾಗುತ್ತದೆ. ಉಣಿಸಿದ್ದೆಲ್ಲ ಹೊರಗೆ ಹೋಗುತ್ತದೆ ಎಂಬ ಕಣ್ಣಿನ ಸಾಕ್ಷಿಯೂ ಪೂರ್ತಿ ನಿಜವಲ್ಲ. ಭೇದಿಯ ನಡುವೆಯೂ ಕರುಳು ಆಹಾರದ ದೊಡ್ಡ ಪಾಲನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಹಾಲು ಕುಡಿದ ಕೂಡಲೇ ಆಗುವ ಭೇದಿ ಆಗ ಕುಡಿದ ಹಾಲಲ್ಲ, ಹೊಟ್ಟೆ ತುಂಬಿದಾಗ ದೊಡ್ಡ ಕರುಳು ತನ್ನಲ್ಲಿ ಮೊದಲೇ ಇದ್ದುದನ್ನು ಮುಂದಕ್ಕೆ ತಳ್ಳುವ ಸಹಜ ಕ್ರಿಯೆ. ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಇದೆ. ಕೆಲವು ಮಕ್ಕಳಲ್ಲಿ ಭೇದಿಯ ನಂತರ ಸ್ವಲ್ಪ ದಿನ ಹಾಲಿನ ಸಕ್ಕರೆ ಅರಗದೆ ಭೇದಿ ಹೆಚ್ಚುವುದುಂಟು. ಅದು ನಿಜ. ಆದರೆ ಅಂಥ ಮಕ್ಕಳು ಕಡಿಮೆ. ಇದ್ದರೂ ಹಸುವಿನ ಹಾಲಿಗೆ ಬದಲು ಮೊಸರು, ಗಂಜಿ ಸಾಕಾಗುತ್ತವೆ. ತಾಯಿಯ ಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು, ಮೊದಲಿಗಿಂತ ಹೆಚ್ಚು ಸಲ ಕೊಡಬೇಕು. ಬಾಣಂತಿ ತಂಪು ತಿಂದಿದ್ದರಿಂದ ಹಾಲು ಕೆಟ್ಟಿತು ಎಂದು ಅವಳ ಮೇಲೆ ತಪ್ಪು ಹೊರಿಸಿ, ಅವಳಿಗೂ ಪಥ್ಯ ಹಾಕಿ, ಕೂಸಿಗೂ ಹಾಲು ತಪ್ಪಿಸುವ ಮನೆಗಳಿವೆ. ಅಲ್ಲಿ ಒಂದು ಕಾಯಿಲೆಗೆ ಇಬ್ಬರು ಬಲಿಯಾಗುತ್ತಾರೆ. ಆರು ತಿಂಗಳು ದಾಟಿದ ಮಗುವಿಗೆ ಮೆತ್ತಗೆ ಬೇಯಿಸಿದ ಅನ್ನ, ಬೇಳೆಕಟ್ಟು, ಮೊಸರನ್ನ, ಕಿವುಚಿದ ಬಾಳೆಹಣ್ಣು, ರಾಗಿ ಸರಿ, ಮೊದಲು ಏನು ತಿನ್ನುತ್ತಿತ್ತೋ ಅದನ್ನೇ ಸ್ವಲ್ಪಸ್ವಲ್ಪವಾಗಿ, ದಿನಕ್ಕೆ ಐದಾರು ಸಲ ಕೊಟ್ಟರಾಯಿತು.

ಭೇದಿಯೇ ಕಾಯಿಲೆ ಎಂಬ ನಂಬಿಕೆಯ ಜೊತೆಜೊತೆಗೇ ಹರಿಯುವ ಇನ್ನೆರಡು ನಂಬಿಕೆಗಳಿವೆ. ಒಂದು, ಹಲ್ಲು ಬರುವಾಗ ಭೇದಿಯಾಗುವುದು ಸಹಜ, ಅದಕ್ಕೆ ಏನೂ ಮಾಡಬೇಕಾಗಿಲ್ಲ ಎಂಬುದು. ಆರನೆಯ ತಿಂಗಳ ಆಸುಪಾಸಿಗೆ ಹಲ್ಲು ಮೂಡುತ್ತದೆ, ಆಗಲೇ ಭೇದಿಯೂ ಹೆಚ್ಚುತ್ತದೆ, ಇಷ್ಟು ನಿಜ. ಆದರೆ ಅದೇ ತಿಂಗಳುಗಳಲ್ಲಿ ಇನ್ನೂ ಮೂರು ಸಂಗತಿಗಳು ನಡೆಯುತ್ತವೆ. ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ರೋಗನಿರೋಧಕ ಅಂಶ ಕ್ಷೀಣಿಸುತ್ತದೆ, ಮೇಲಾಹಾರ ಆರಂಭವಾಗಿ ಬಟ್ಟಲು, ಚಮಚ, ನೀರು ಬಾಯಿಗೆ ಬರುತ್ತವೆ, ಅಂಬೆಗಾಲಿಡುವ ಕೂಸು ನೆಲದ ಮೇಲಿನದೆಲ್ಲವನ್ನೂ ಬಾಯಿಗೆ ಹಾಕಿಕೊಳ್ಳುತ್ತದೆ. ಭೇದಿಗೆ ಕಾರಣ ಈ ಮೂರರಲ್ಲಿದೆ. ಹಲ್ಲು ಬರೀ ಜೊತೆಗೆ ಬಂದದ್ದು. ‘ಸಹಜ’ ಎಂಬ ಮಾತು ಮನೆಯವರನ್ನು ಸುಮ್ಮನೆ ಕೂರಿಸುತ್ತದೆ ಎಂಬುದೇ ಇದರ ಕೇಡು. ಎರಡನೆಯದು ನೆತ್ತಿಯ ವಿಷಯ. ಭೇದಿಯಾದ ಎಳೆಗೂಸಿನ ನೆತ್ತಿ ಒಳಗೆ ಇಳಿದಿರುವುದನ್ನು ಅನುಭವಸ್ಥ ಹೆಂಗಸರು ಬೆರಳಿನಿಂದ ಮುಟ್ಟಿ ಹೇಳಬಲ್ಲರು, ಅದಕ್ಕೆ ಹರಳೆಣ್ಣೆ ಒತ್ತಿ ಮೇಲೆ ಬರಲೆಂದು ಕಾಯುತ್ತಾರೆ. ಅವರ ಗಮನಿಸುವಿಕೆಗೆ ನಾನು ತಲೆಬಾಗುತ್ತೇನೆ: ಮೈಯ ನೀರು ಬತ್ತಿದಾಗ ನೆತ್ತಿ ಇಳಿಯುವುದು ವೈದ್ಯರೂ ನೋಡುವ ಗುರುತು. ಆದರೆ ಕಾರಣ–ಪರಿಣಾಮಗಳ ದಿಕ್ಕು ತಿರುಗಿಹೋಗಿದೆ. ನೆತ್ತಿ ಇಳಿದದ್ದರಿಂದ ಭೇದಿಯಾದದ್ದಲ್ಲ, ಭೇದಿಯಿಂದ ನೀರು ಹೋಗಿ ನೆತ್ತಿ ಇಳಿಯಿತು. ಅದು ಮೇಲೆ ಬರುವುದು ಬಾಯಿಯ ಮೂಲಕ ಒಳಹೋಗುವ ನೀರಿನಿಂದ. ಇಷ್ಟು ಸೂಕ್ಷ್ಮವಾಗಿ ನೋಡಬಲ್ಲ ಕೈಗೆ ಎಣ್ಣೆಯ ಬದಲು ಒಂದು ಚಮಚ ಕೊಟ್ಟಿದ್ದರೆ ಎಂದು ನೆನೆದು ಸಂಕಟವಾಗುತ್ತದೆ.

ಆ ಚಮಚದಲ್ಲಿರಬೇಕಾದದ್ದು ಓಆರ್‌ಎಸ್. ಇದರ ಬಗ್ಗೆ ಜನರಿಗಿರುವ ನಿರಾಶೆ ನಮ್ಮ ಗೊಂದಲಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷಿ. ‘ಕುಡಿಸಿದೆವು, ಆದರೂ ಭೇದಿ ನಿಲ್ಲಲಿಲ್ಲ’ ಎನ್ನುತ್ತಾರೆ. ಹೌದು, ನಿಲ್ಲುವುದಿಲ್ಲ. ನಿಲ್ಲಿಸುವುದು ಅದರ ಕೆಲಸವೇ ಅಲ್ಲ. ಸೋಂಕು ತನ್ನ ಅವಧಿ ಮುಗಿಸಿ ಹೋಗುವವರೆಗೆ, ಅಂದರೆ ಸಾಮಾನ್ಯವಾಗಿ ಮೂರರಿಂದ ಏಳು ದಿನ, ಹೋದಷ್ಟನ್ನು ಮರಳಿ ತುಂಬುತ್ತಾ ಮಗುವನ್ನು ಕಾಯುವುದು ಅದರ ಕೆಲಸ. ಭೇದಿಯಾಗುತ್ತಿರುವ ಕರುಳು ಬರೀ ನೀರನ್ನು ಹೀರಲು ಹೆಣಗುತ್ತದೆ. ಆದರೆ ಅದರ ಗೋಡೆಯಲ್ಲಿ ಸಕ್ಕರೆ ಮತ್ತು ಉಪ್ಪನ್ನು ಜೊತೆಜೊತೆಯಾಗಿ ಒಳಗೆ ಎಳೆದುಕೊಳ್ಳುವ ಒಂದು ವ್ಯವಸ್ಥೆ ಇದೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಕಾಲರಾದಂಥ ಭೀಕರ ಭೇದಿಯಲ್ಲೂ ಆ ವ್ಯವಸ್ಥೆ ಕೆಡುವುದಿಲ್ಲ. 1960ರ ದಶಕದಲ್ಲಿ ಢಾಕಾ ಮತ್ತು ಕಲ್ಕತ್ತಾದ ಸಂಶೋಧಕರು ಇದನ್ನು ರೋಗಿಗಳ ಮೇಲೆ ಸಾಬೀತು ಮಾಡಿದರು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ನಿರಾಶ್ರಿತರ ನಡುವೆ ಕಾಲರಾ ಹರಡಿದಾಗ, ಗಡಿಯ ಬಂಗಾವ್‌ನಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರ ಮುಂದೆ ಡ್ರಿಪ್ಪಿನ ಬಾಟಲಿಗಳು ಮುಗಿಯುತ್ತಾ ಬಂದಿದ್ದವು. ಅವರು ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾಗಳನ್ನು ಅಳತೆಯಲ್ಲಿ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗೆ ಬಂತು. ಅಲ್ಲಿ ಕುಡಿಸಿದವರು ಡಾಕ್ಟರುಗಳಲ್ಲ, ನರ್ಸುಗಳೂ ಅಲ್ಲ. ಹೆಂಡತಿಯರು, ತಾಯಂದಿರು, ಅಣ್ಣತಮ್ಮಂದಿರು. ಮನೆಯವರು ಮಾಡಬಹುದಾದ ಚಿಕಿತ್ಸೆ ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇಡ. 1980ರ ಹೊತ್ತಿಗೆ ಜಗತ್ತಿನಲ್ಲಿ ವರ್ಷಕ್ಕೆ ಐದು ವರ್ಷದೊಳಗಿನ ಸುಮಾರು 45 ಲಕ್ಷ ಮಕ್ಕಳು ಭೇದಿಯಿಂದ ಸಾಯುತ್ತಿದ್ದರು. ಈಗಿನ ಅಂದಾಜು ನಾಲ್ಕು ಲಕ್ಷ ಚಿಲ್ಲರೆ. ಶುದ್ಧ ನೀರು, ಶೌಚಾಲಯ, ದಡಾರದ ಲಸಿಕೆ, 2016ರಿಂದ ನಮ್ಮ ದೇಶದ ಸಾರ್ವತ್ರಿಕ ಕಾರ್ಯಕ್ರಮಕ್ಕೆ ಬಂದ ರೋಟಾವೈರಸ್ ಲಸಿಕೆ, ಇವೆಲ್ಲಕ್ಕೂ ಇದರಲ್ಲಿ ಪಾಲಿದೆ. ಆದರೆ ಈ ಉಪ್ಪು–ಸಕ್ಕರೆಯ ಪೊಟ್ಟಣದ ಪಾಲು ಬಹಳ ದೊಡ್ಡದು. ಹಾಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ನೂರಕ್ಕೆ ಸುಮಾರು 61 ಮಕ್ಕಳಿಗೆ.

ಉಳಿದವರು ಬಡತನದಿಂದ ಬಿಟ್ಟರು ಎಂದು ಹೇಳಲಾಗದು. ಪೊಟ್ಟಣ ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯ ಚೀಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಅದೇ ಮನೆಯವರು ನೂರಾರು ರೂಪಾಯಿ ಕೊಟ್ಟು ‘ಗ್ಲೂಕೋಸ್ ಹಾಕಿಸಿ’ಕೊಂಡು ಬರುತ್ತಾರೆ. ನಾಳಕ್ಕೆ ಹಾಕಿದ್ದು ಬಲವಾದದ್ದು, ಬಾಯಿಗೆ ಹಾಕಿದ್ದು ದುರ್ಬಲವಾದದ್ದು ಎಂಬ ಈ ಎಣಿಕೆಗೂ ಆಧಾರವಿಲ್ಲ. ಡ್ರಿಪ್ಪಿನಲ್ಲಿರುವುದೂ ನೀರು, ಉಪ್ಪು ಮುಂತಾದವೇ. ಕುಡಿಯಲಾರದಷ್ಟು ಸೋತ ಮಗುವಿಗೆ ಅದು ಪ್ರಾಣ ಉಳಿಸುತ್ತದೆ, ಅದರ ಬಗ್ಗೆ ಎರಡು ಮಾತಿಲ್ಲ. ಕುಡಿಯಬಲ್ಲ ಮಗುವಿಗೆ ಸೂಜಿ ಚುಚ್ಚಿ ಕೊಡುವುದರಿಂದ ನೋವು, ಸೋಂಕಿನ ಭಯ, ಖರ್ಚು ಇವಿಷ್ಟೇ ಹೆಚ್ಚುವರಿ.

ಪೊಟ್ಟಣವನ್ನು ಬಳಸುವವರೂ ಎಡವುವ ಜಾಗವೊಂದಿದೆ, ಅಳತೆ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. 200 ಮಿಲಿಗೆಂದು ಮಾಡಿದ ಸಣ್ಣ ಪೊಟ್ಟಣವೂ ಇದೆ. ದೊಡ್ಡದನ್ನು ಹರಿದು ಒಂದು ಲೋಟಕ್ಕೆ ಸುರಿದರೆ ಉಪ್ಪು ಐದು ಪಟ್ಟು ಹೆಚ್ಚಾಗಿ ಔಷಧವೇ ಅಪಾಯವಾಗುತ್ತದೆ. ಅರ್ಧ ಪುಡಿ ಇವತ್ತು, ಅರ್ಧ ನಾಳೆ ಎಂದು ಕಣ್ಣಂದಾಜಿನಲ್ಲಿ ಹಂಚಿದರೆ ಅಳತೆ ಕೆಡುತ್ತದೆ. ಕುದಿಸಿ ಆರಿಸಿದ ನೀರನ್ನು ಒಂದು ಲೀಟರಿನ ಬಾಟಲಿಯಲ್ಲಿ ಅಳೆದು, ಪೂರ್ತಿ ಪುಡಿ ಹಾಕಿ, ಸಕ್ಕರೆ, ಹಾಲು, ನಿಂಬೆರಸ ಯಾವುದನ್ನೂ ಬೆರೆಸದೆ ಇಟ್ಟುಕೊಂಡು, 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಬೇಕು. ಸಿಹಿ ಹೆಚ್ಚಿದ್ದರೆ ಶಕ್ತಿ ಬರುತ್ತದೆ ಎಂಬ ಭಾವನೆ ಇಲ್ಲಿ ತಲೆಕೆಳಗಾಗುತ್ತದೆ. ಈಗಿನ ಓಆರ್‌ಎಸ್ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ, ಪೆಟ್ಟಿಗೆಯ ಹಣ್ಣಿನ ರಸದಲ್ಲಿ ಸಕ್ಕರೆ ಲೀಟರಿಗೆ 100 ಗ್ರಾಮಿನ ಆಸುಪಾಸು, ಉಪ್ಪು ಇಲ್ಲವೆನ್ನುವಷ್ಟು. ಅಷ್ಟು ಸಕ್ಕರೆ ಕರುಳಿಗೆ ಇಳಿದರೆ ಅದು ಮೈಯ ನೀರನ್ನೇ ತನ್ನತ್ತ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಇಂಥ ಸಿಹಿ ಪಾನೀಯಗಳು ವರ್ಷಗಟ್ಟಲೆ ‘ಓಆರ್‌ಎಸ್’ ಎಂಬ ಅಕ್ಷರಗಳನ್ನು ಹೆಸರಿನಲ್ಲಿ ಸೇರಿಸಿಕೊಂಡು ಔಷಧದಂಗಡಿಗಳಲ್ಲೇ ಮಾರಾಟವಾದವು. ಸರಿಯಾದ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರು ಬಳಸುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಕಟ್ಟುನಿಟ್ಟು ಮಾಡಿದ್ದು 2025ರ ಅಕ್ಟೋಬರಿನಲ್ಲಿ. ಅದರ ಹಿಂದೆ ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರ ಹಲವು ವರ್ಷಗಳ ಹೋರಾಟವಿತ್ತು. ಪೊಟ್ಟಣ ಸಿಗದ ರಾತ್ರಿಗೆ ಒಂದು ಲೀಟರ್ ನೀರಿಗೆ ತಲೆ ಸವರಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹಾಕಿದ ಗಂಜಿತಿಳಿ, ನೀರುಮಜ್ಜಿಗೆಯೂ ಆಗುತ್ತದೆ.

ಈಗ ಆಕ್ಷೇಪಣೆಗಳು. ಮೊದಲನೆಯದು ಅನುಭವದ್ದು: ನಮ್ಮ ಕಾಲದಲ್ಲಿ ಹಾಲು ಬಿಡಿಸಿಯೇ ಗುಣಪಡಿಸಿದೆವು, ಮಕ್ಕಳು ಬದುಕಲಿಲ್ಲವೇ? ತಾನಾಗಿ ಗುಣವಾಗುವ ಕಾಯಿಲೆಯಲ್ಲಿ ಮೂರನೆಯ ದಿನ ಏನು ಮಾಡಿದರೂ ನಾಲ್ಕನೆಯ ದಿನದ ಗುಣದ ಕೀರ್ತಿ ಅದಕ್ಕೇ ಸಲ್ಲುತ್ತದೆ. ದೃಷ್ಟಿ ತೆಗೆದರೂ ಸರಿ, ಮಾತ್ರೆ ಕೊಟ್ಟರೂ ಸರಿ. ಇನ್ನು ಬದುಕಿದವರಷ್ಟೇ ಸಾಕ್ಷಿ ಹೇಳಲು ಉಳಿದಿರುತ್ತಾರೆ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1,000 ಕೂಸುಗಳಲ್ಲಿ 129 ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡವು, 2020ರಲ್ಲಿ ಆ ಸಂಖ್ಯೆ 28. ಆ ಸಾವುಗಳೆಲ್ಲ ಭೇದಿಯವಲ್ಲ. ಆದರೂ ‘ನಮ್ಮ ಕಾಲ’ವನ್ನು ಪ್ರಮಾಣವಾಗಿ ಮುಂದಿಡುವ ಮೊದಲು, ಆ ಕಾಲದ ಅಜ್ಜಿಯರನ್ನೇ ಹೆತ್ತದ್ದೆಷ್ಟು, ಉಳಿದದ್ದೆಷ್ಟು ಎಂದು ಮೆಲ್ಲಗೆ ಕೇಳಬೇಕು.

ಎರಡನೆಯದು, ಕುಡಿಸಿದ್ದೆಲ್ಲ ವಾಂತಿಯಾಗುತ್ತದಲ್ಲ ಎಂಬುದು. ಬಾಯಾರಿದ ಮಗು ಲೋಟವನ್ನೇ ಎಳೆದು ಗಟಗಟ ಕುಡಿಯುತ್ತದೆ, ತುಂಬಿದ ಹೊಟ್ಟೆ ಹೊರಹಾಕುತ್ತದೆ. ಹತ್ತು ನಿಮಿಷ ಬಿಟ್ಟು, ಟೀ ಚಮಚದಲ್ಲಿ ಒಂದೂವರೆ ನಿಮಿಷಕ್ಕೆ ಒಂದರಂತೆ ಕೊಟ್ಟರೆ ಹೆಚ್ಚಿನ ಮಕ್ಕಳಲ್ಲಿ ನಿಲ್ಲುತ್ತದೆ. ಚಮಚ ಚಿಕ್ಕದೆಂದು ತಾತ್ಸಾರ ಬೇಡ. ಒಂದು ಚಮಚ 5 ಮಿಲಿ, ಗಂಟೆಗೆ ನಲವತ್ತು ಚಮಚ ಎಂದರೆ 200 ಮಿಲಿ, ನಾಲ್ಕು ಗಂಟೆಗೆ 800. ನೀರು ಬತ್ತಲು ಆರಂಭಿಸಿರುವ ಹತ್ತು ಕೆಜಿಯ ಮಗುವಿಗೆ ವೈದ್ಯರು ನಾಲ್ಕು ಗಂಟೆಯಲ್ಲಿ ಕುಡಿಸಲು ಹೇಳುವ ಪ್ರಮಾಣ, ಕೆಜಿಗೆ 75 ಮಿಲಿಯಂತೆ, 750. ಸಣ್ಣ ಚಮಚ ಅಷ್ಟನ್ನೂ ಮುಟ್ಟಿಸುತ್ತದೆ. ಅಷ್ಟು ಬತ್ತಿರದ, ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ ಸಾಕು.

ಮೂರನೆಯ ಆಕ್ಷೇಪಣೆಯೇ ನಿಜವಾಗಿ ಭಾರವಾದದ್ದು. ನಾಲ್ಕು ಗಂಟೆ ಚಮಚ ಹಿಡಿದು ಕೂರುವವರು ಯಾರು? ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ, ಕೂಲಿಗೆ ಹೋಗುವ ಹೆಂಗಸಿಗೆ ಒಂದು ದಿನ ಬಿಟ್ಟರೆ ಆ ದಿನದ ಸಂಬಳವಿಲ್ಲ. ಮಾತ್ರೆಯೂ ಡ್ರಿಪ್ಪೂ ಅವಳಿಗೆ ಆಕರ್ಷಕವಾಗುವುದು ಅಜ್ಞಾನದಿಂದಲ್ಲ; ಅವು ಅವಳ ಸಮಯ ಉಳಿಸುವ ಭರವಸೆ ಕೊಡುತ್ತವೆ. ಮನೆಯ ಆರೈಕೆ ಅಗ್ಗ ಎಂದು ನಾವು ಹೇಳುವಾಗ ಅವಳ ಗಂಟೆಗಳಿಗೆ ಬೆಲೆ ಕಟ್ಟದೆ ಹೇಳುತ್ತಿರುತ್ತೇವೆ. ಈ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಆದರೆ ಇದು ಚಮಚದ ವಿರುದ್ಧದ ವಾದವಲ್ಲ, ಒಬ್ಬಳೇ ಹಿಡಿಯಬೇಕು ಎಂಬುದರ ವಿರುದ್ಧದ ವಾದ. ತಂದೆಯ ಕೈಗೂ ಚಮಚ ಹಿಡಿಯಲು ಬರುತ್ತದೆ. ಎಷ್ಟು ಸಲ ಆಯಿತು ಎಂದು ಫೋನಿನಲ್ಲಿ ಕೇಳುವುದಕ್ಕೆ ಏನೂ ಖರ್ಚಿಲ್ಲ. ಎಷ್ಟು ಕುಡಿಯಿತು ಎಂಬ ಪ್ರಶ್ನೆಗೆ ಮಾತ್ರ ಮಗುವಿನ ಪಕ್ಕ ಕೂತವರೇ ಉತ್ತರ ಕೊಡಬಲ್ಲರು. ರಜೆ ಹಾಕಿ ಕೂರುವ ಸರದಿ ತಂದೆಗೂ ಬಂದ ಮನೆಗಳಲ್ಲಿ ಓಆರ್‌ಎಸ್ ‘ಕೆಲಸ ಮಾಡದೆ’ ಹೋಗುವುದು ಕಡಿಮೆಯಾದೀತು ಎಂದೇ ನನ್ನ ಎಣಿಕೆ.

ನಾಲ್ಕನೆಯದಾಗಿ, ಮನೆಯಲ್ಲೇ ನೋಡಿಕೊಳ್ಳಿ ಎಂದು ಹೇಳಿ ಹೇಳಿ ಆಸ್ಪತ್ರೆಗೆ ಹೋಗುವುದು ತಡವಾದರೆ ಎಂಬ ಭಯ. ಸಲಗಳನ್ನು ಎಣಿಸುವವರಿಗೆ ಎಲ್ಲೆ ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಹತ್ತಕ್ಕೋ ಹದಿನೈದಕ್ಕೋ ಎಂದು ತೂಗುತ್ತಾ ಕೂರುತ್ತಾರೆ. ಮಗುವನ್ನೇ ನೋಡುವವರಿಗೆ ಎಲ್ಲೆ ಕಾಣುತ್ತದೆ. ಈ ಕೆಳಗಿನ ಯಾವುದೊಂದು ಕಂಡರೂ ಮನೆಯ ಆರೈಕೆಯ ಗಡಿ ಮುಗಿಯಿತು, ದಾರಿಯುದ್ದಕ್ಕೂ ಚಮಚದಲ್ಲಿ ಕೊಡುತ್ತಾ ಹೊರಡಬೇಕು, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು.

1. ಮಗು ಮಂಕಾಗಿ, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಕುಡಿಯಲಾಗದಿರುವುದು, ಫಿಟ್ಸ್ ಬರುವುದು.

2. ಕಣ್ಣು ಗುಳಿಬಿದ್ದಿರುವುದು, ಹೊಕ್ಕುಳಿನ ಪಕ್ಕದ ಚರ್ಮ ಹಿಡಿದು ಬಿಟ್ಟರೆ ಅದು ಕೂಡಲೇ ಸಮವಾಗದೆ ಮಡಿಕೆಯಾಗಿ ನಿಲ್ಲುವುದು. ತೀರಾ ಬಡಕಲು ಮಗುವಿನಲ್ಲಿ ಚರ್ಮ ಮೊದಲೇ ಸಡಿಲ, ಗುಂಡಗಿನ ಮಗುವಿನಲ್ಲಿ ನೀರು ಬತ್ತಿದರೂ ಬಿಗಿ. ಆದ್ದರಿಂದ ಚರ್ಮದ ಗುರುತೊಂದನ್ನೇ ನಂಬಿ ಕೂರಬಾರದು.

3. ಆರು ಗಂಟೆಗೂ ಹೆಚ್ಚು ಹೊತ್ತು ಮೂತ್ರ ಮಾಡದಿರುವುದು. ಡೈಪರ್ ಹಾಕಿದರೆ ನೀರುಭೇದಿಯೂ ಮೂತ್ರವೂ ಬೆರೆತು ಇದು ಗೊತ್ತೇ ಆಗುವುದಿಲ್ಲ. ಕಾಯಿಲೆಯ ದಿನಗಳಲ್ಲಿ ಹಳೆಯ ಹತ್ತಿ ಬಟ್ಟೆ ಕಟ್ಟುವುದು ಲೇಸು.

4. ಭೇದಿಯಲ್ಲಿ ರಕ್ತ, ಹಸಿರು ವಾಂತಿ, ಉಬ್ಬಿದ ಹೊಟ್ಟೆ, ಚಮಚದಲ್ಲಿ ಕೊಟ್ಟದ್ದೂ ನಿಲ್ಲದ ವಾಂತಿ, ಜೋರು ಜ್ವರ.

5. ಎರಡು ತಿಂಗಳೊಳಗಿನ ಕೂಸಾದರೆ ಯಾವ ಗುರುತಿಗೂ ಕಾಯದೆ ವೈದ್ಯರಲ್ಲಿಗೆ; ತೂಕ ತೀರಾ ಕಡಿಮೆಯಿರುವ ಮಗುವಿಗೂ ಇದೇ ಮಾತು.

ಭೇದಿ ನಿಂತ ದಿನ ಈ ಎಣಿಕೆ ಕೊನೆಯ ಸಲ ಮೋಸ ಮಾಡುತ್ತದೆ. ಸಂಖ್ಯೆ ಸೊನ್ನೆಯಾಯಿತು, ಕಾಯಿಲೆ ಮುಗಿಯಿತು, ಜಿಂಕ್ ಮಾತ್ರೆಯ ಹಾಳೆ ಅಲಮಾರಿಗೆ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಕೂಡ 2004ರಿಂದ ಓಆರ್‌ಎಸ್ ಜೊತೆಗೆ ಹೇಳುತ್ತಾ ಬಂದಿರುವುದು ಜಿಂಕ್: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10. ನಮ್ಮಲ್ಲಿ ಇದನ್ನು 14 ದಿನ ಕೊಡುತ್ತಾರೆ, ಎರಡು ತಿಂಗಳೊಳಗಿನ ಕೂಸಿಗೆ ಕೊಡುವುದಿಲ್ಲ. ಮಾತ್ರೆಯನ್ನು ಚಮಚದಲ್ಲಿ ತಾಯಿಯ ಹಾಲಿಗೋ ನೀರಿಗೋ ಹಾಕಿದರೆ ಕರಗುತ್ತದೆ. ಅದು ಈ ಸಲದ ಭೇದಿಯ ದಿನಗಳನ್ನು ಸ್ವಲ್ಪ ಕಡಿಮೆ ಮಾಡುತ್ತದೆ, ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿ ಬರುವ ಸಾಧ್ಯತೆಯನ್ನೂ ತಗ್ಗಿಸುತ್ತದೆ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಜಿಂಕ್ ಸಿಕ್ಕಿದ್ದು ನೂರಕ್ಕೆ ಸುಮಾರು 31 ಮಕ್ಕಳಿಗೆ. ನಾಲ್ಕನೆಯ ದಿನಕ್ಕೇ ಭೇದಿ ನಿಂತ ಮಗುವಿಗೆ ಉಳಿದ ಹತ್ತು ಮಾತ್ರೆ ಏಕೆ ಎಂದು ಯಾರಿಗಾದರೂ ಅನ್ನಿಸಬಹುದು. ಅವು ಮುಂದಿನ ತಿಂಗಳುಗಳ ಕಾವಲಿಗೆ. ಕಳೆದುಕೊಂಡ ತೂಕವೂ ಹಾಗೆಯೇ, ಎಣಿಕೆಗೆ ಕಾಣದೆ ಉಳಿಯುವ ಸಾಲ. ಅದಕ್ಕಾಗಿಯೇ ಭೇದಿ ನಿಂತ ಮೇಲೂ ಎರಡು ವಾರ ಮಗುವಿಗೆ ದಿನಕ್ಕೆ ಒಂದು ಊಟ ಹೆಚ್ಚಿಗೆ, ಅನ್ನಕ್ಕೆ ಒಂದು ಚಮಚ ತುಪ್ಪವೋ ಎಣ್ಣೆಯೋ ಬೆರೆಸಿ ಉಣಿಸಬೇಕು. ಅದು ಮುಗಿದ ಮೇಲೆ ಅಂಗನವಾಡಿಯ ತಕ್ಕಡಿಯಲ್ಲಿ ಕೂರಿಸಿ, ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಮೊದಲಿನ ಜಾಗಕ್ಕೆ ಬಂದಿದೆಯೇ ಎಂದು ನೋಡಬೇಕು. ಬಂದಿಲ್ಲವಾದರೆ ಊಟದ ಆ ಹೆಚ್ಚುವರಿ ಸರದಿ ಮುಂದುವರಿಯಬೇಕು.